ಶುಗರ್ ಇದೆ ಎಂದೇ ಬರೆಯಿರಿ: ಆರೋಗ್ಯ ವಿಮೆ ಮತ್ತು ಮೊದಲೇ ಇದ್ದ ಕಾಯಿಲೆ

ರೋಗಿಯನ್ನು ಆಸ್ಪತ್ರೆಗೆ ದಾಖಲಿಸುವಾಗ ಡ್ಯೂಟಿ ಡಾಕ್ಟರ್ ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: "ಶುಗರ್, ಬಿಪಿ ಏನಾದ್ರೂ ಇದೆಯಾ? ಎಷ್ಟು ವರ್ಷದಿಂದ?" ಜೊತೆಗೆ ಬಂದ ಮಗನೋ ಸೊಸೆಯೋ ಗಾಬರಿಯಲ್ಲಿ, "ಒಂದು ಹತ್ತು ವರ್ಷ ಆಗಿರಬೇಕು ಡಾಕ್ಟ್ರೇ" ಅನ್ನುತ್ತಾರೆ. ಡಾಕ್ಟರು ಕೇಸ್ ಶೀಟಿನ ಮೇಲ್ಭಾಗದಲ್ಲಿ ಅರ್ಧ ಸಾಲು ಬರೆದುಕೊಳ್ಳುತ್ತಾರೆ: ಕೆ/ಸಿ/ಒ ಡಿಎಂ, ಹತ್ತು ವರ್ಷ. ರೋಗಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದು ಗೊತ್ತಿದೆ ಎಂದು ಅದರ ಅರ್ಥ. ಆ ಅರ್ಧ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ, ಅಲ್ಲಿಂದ ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎ ಸಂಸ್ಥೆಯ ಮೇಜಿಗೆ, ಅಲ್ಲಿಂದ ವಿಮಾ ಕಂಪನಿಯ ಕ್ಲೇಮ್ ವಿಭಾಗಕ್ಕೆ. ಪಾಲಿಸಿ ತೆಗೆದುಕೊಂಡದ್ದು ಎರಡು ವರ್ಷದ ಹಿಂದೆ. ಅವತ್ತಿನ ಪ್ರಪೋಸಲ್ ಫಾರಂ ತೆರೆದು ನೋಡಿದರೆ ಸಕ್ಕರೆ ಕಾಯಿಲೆಯ ಎದುರು "ಇಲ್ಲ" ಎಂದಿದೆ. ಕ್ಲೇಮ್ ಅಲ್ಲಿಗೆ ನಿಂತಿತು.

ನಮ್ಮಲ್ಲಿ ಮಧ್ಯವಯಸ್ಸಿನವರು ಆರೋಗ್ಯ ವಿಮೆಯ ಹತ್ತಿರ ಹೋಗಲು ಹಿಂಜರಿಯುವುದು ಬಹಳ ಸಲ ಇದೇ ಭಯಕ್ಕೆ. ಕಾಯಿಲೆ ಹೇಳಿದರೆ ಪಾಲಿಸಿ ಕೊಡುವುದಿಲ್ಲ, ಹೇಳದಿದ್ದರೆ ಕ್ಲೇಮ್ ಕೊಡುವುದಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಅದರ ಎರಡನೆಯ ಅರ್ಧ ನಿಜ. ಮೊದಲನೆಯ ಅರ್ಧ ಈಗ ಬಹುಮಟ್ಟಿಗೆ ನಿಜವಲ್ಲ. ಕಾಯಿಲೆ ಹೇಳಿಕೊಂಡರೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು, ಪ್ರೀಮಿಯಂ ಸ್ವಲ್ಪ ಜಾಸ್ತಿ ಕಟ್ಟಬೇಕಾಗಬಹುದು. ಮುಚ್ಚಿಟ್ಟರೆ ಇಡೀ ಪಾಲಿಸಿಯೇ ರದ್ದಾಗಬಹುದು, ಕಟ್ಟಿದ ಪ್ರೀಮಿಯಂ ಕೂಡ ಮುಟ್ಟುಗೋಲಾಗಬಹುದು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಕಾಗದ ಪತ್ರದ ಶಿಸ್ತು.

ಕಂಪನಿಗಳು ಕಾಯಿಸುವುದಕ್ಕೆ ಕಾರಣವಿಲ್ಲದೆ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಂತೆ, ಆಪರೇಷನ್ ದಿನಾಂಕ ಗೊತ್ತಾದ ಮೇಲೆಯೇ ಎಲ್ಲರೂ ಪಾಲಿಸಿ ಕೊಳ್ಳತೊಡಗಿದರೆ ವಿಮೆಯ ನಿಧಿ ಉಳಿಯುವುದಿಲ್ಲ. ಆದರೆ ಎಷ್ಟು ದಿನ ಕಾಯಿಸಬಹುದು, ಯಾವುದನ್ನು ಮೊದಲೇ ಇದ್ದ ಕಾಯಿಲೆ ಅನ್ನಬಹುದು ಎಂಬುದನ್ನು ಕಂಪನಿಯ ಮರ್ಜಿಗೆ ಬಿಟ್ಟಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಇದಕ್ಕೆ ಗೆರೆ ಎಳೆದಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಆ ಗೆರೆಯನ್ನು ಪಾಲಿಸಿದಾರರ ಪರವಾಗಿ ಸಾಕಷ್ಟು ಸರಿಸಿವೆ.

ಯಾವುದು ಮೊದಲೇ ಇದ್ದ ಕಾಯಿಲೆ?

ಪಾಲಿಸಿ ಶುರುವಾಗುವ ದಿನದಿಂದ ಹಿಂದಕ್ಕೆ 36 ತಿಂಗಳು ಎಣಿಸಿ. ಆ ಅವಧಿಯಲ್ಲಿ ವೈದ್ಯರು ಒಂದು ಕಾಯಿಲೆ ಇದೆ ಎಂದು ಪತ್ತೆ ಮಾಡಿದ್ದರೆ, ಅಥವಾ ಅದಕ್ಕೆ ಸಲಹೆ ಕೊಟ್ಟಿದ್ದರೆ, ಚಿಕಿತ್ಸೆ ಮಾಡಿದ್ದರೆ ಇಲ್ಲವೇ ಮಾಡಿಸಿಕೊಳ್ಳಿ ಎಂದು ಹೇಳಿದ್ದರೆ, ಅದು ಪಿಇಡಿ, ಮೊದಲೇ ಇದ್ದ ಕಾಯಿಲೆ. ಹಿಂದೆ ಈ ಎಣಿಕೆ 48 ತಿಂಗಳಿತ್ತು. ಹದಿನೈದು ವರ್ಷದ ಹಿಂದೆ ಶುರುವಾದ ಬಿಪಿಗೆ ಇವತ್ತಿಗೂ ಮಾತ್ರೆ ನುಂಗುತ್ತಿದ್ದರೆ ಅದು ಪಿಇಡಿಯೇ, ಏಕೆಂದರೆ ಚಿಕಿತ್ಸೆ ನಡೆದೇ ಇದೆ. ಹತ್ತು ವರ್ಷದ ಹಿಂದೆ ಟೈಫಾಯ್ಡ್ ಬಂದು ವಾಸಿಯಾಗಿ, ಆಮೇಲೆ ಅದರ ಸುದ್ದಿಯೇ ಇಲ್ಲದಿದ್ದರೆ ಅದು ಪಿಇಡಿ ಅಲ್ಲ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಪಿಇಡಿಯ ವ್ಯಾಖ್ಯೆ ಮೂರು ವರ್ಷದ್ದು, ಆದರೆ ಪ್ರಪೋಸಲ್ ಫಾರಂನ ಪ್ರಶ್ನೆ ಹಾಗಿರುವುದಿಲ್ಲ. "ಎಂದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ?", "ಎಂದಾದರೂ ಹೃದಯದ ತೊಂದರೆ ಕಂಡಿದೆಯೇ?" ಎಂದು ಕೇಳಿರುತ್ತಾರೆ. ಎಂಟು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು "ಮೂರು ವರ್ಷದ ಲೆಕ್ಕಕ್ಕೆ ಇದು ಬರಲ್ಲ" ಎಂದು ತಾವೇ ತೀರ್ಮಾನಿಸಿ "ಇಲ್ಲ" ಎಂದು ಬರೆದರೆ ಅದು ತಪ್ಪು ಮಾಹಿತಿಯೇ. ಯಾವುದು ಪಿಇಡಿ ಎಂದು ನಿರ್ಧರಿಸುವುದು ಆಮೇಲಿನ ಕೆಲಸ. ಕೇಳಿದ ಪ್ರಶ್ನೆಗೆ ಕೇಳಿದ ಹಾಗೆ ಉತ್ತರ ಕೊಡುವುದು ಮೊದಲ ಕೆಲಸ.

ಥೈರಾಯ್ಡ್, ಆಸ್ತಮಾ, ಪಿಸಿಒಡಿ, ಕಿಡ್ನಿ ಕಲ್ಲು, ಹರ್ನಿಯಾ, ಸ್ಲಿಪ್ ಡಿಸ್ಕ್, ಖಿನ್ನತೆಗೆ ತೆಗೆದುಕೊಳ್ಳುವ ಮಾತ್ರೆ, ಇವನ್ನೆಲ್ಲ ಬಹಳ ಮಂದಿ ಕಾಯಿಲೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಅದೇನು ದೊಡ್ಡದಲ್ಲ, ದಿನಾ ಬೆಳಿಗ್ಗೆ ಒಂದು ಮಾತ್ರೆ ಅಷ್ಟೇ" ಅನ್ನುತ್ತಾರೆ. ಆ ದಿನದ ಒಂದು ಮಾತ್ರೆಯನ್ನೂ ಫಾರಂನಲ್ಲಿ ಬರೆಯಬೇಕು. ಮಾನಸಿಕ ಕಾಯಿಲೆಯ ವಿಷಯದಲ್ಲಂತೂ ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೆ ಕೊಡುವಂತೆಯೇ ರಕ್ಷಣೆ ಕೊಡಬೇಕು. ಬರೆದರೆ ಆ ಹಕ್ಕು ಉಳಿಯುತ್ತದೆ.

ಕಾಯುವ ಅವಧಿ ಒಂದಲ್ಲ, ಮೂರು

ವೇಟಿಂಗ್ ಪೀರಿಯಡ್ ಅಂದರೆ ಎಲ್ಲಕ್ಕೂ ಮೂರು ವರ್ಷ ಅಂದುಕೊಂಡು ಸುಮ್ಮನಾಗುವವರಿದ್ದಾರೆ. ಹಾಗಲ್ಲ. ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ರಕ್ಷಣೆ ಇರುವುದಿಲ್ಲ. ಅಪಘಾತಕ್ಕೆ ಮೊದಲ ದಿನದಿಂದಲೇ ಇರುತ್ತದೆ. ಎರಡನೆಯದು ಕೆಲವು ನಿರ್ದಿಷ್ಟ ಕಾಯಿಲೆಗಳದ್ದು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಗರ್ಭಕೋಶ ತೆಗೆಯುವುದು, ಮಂಡಿ ಚಿಪ್ಪು ಬದಲಿಸುವುದು ಮುಂತಾದವಕ್ಕೆ, ಅವು ಪಾಲಿಸಿಯ ನಂತರ ಬಂದರೂ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ನಿಯಮ ಇದಕ್ಕೆ ಗರಿಷ್ಠ 36 ತಿಂಗಳವರೆಗೆ ಅವಕಾಶ ಕೊಟ್ಟಿದೆ. ಮೂರನೆಯದು ಪಿಇಡಿಯದ್ದು, ಅದಕ್ಕೂ ಗರಿಷ್ಠ ಮಿತಿ 36 ತಿಂಗಳು. ಮೊದಲು 48 ತಿಂಗಳಿತ್ತು. ಒಂದೇ ಕಾಯಿಲೆಗೆ ಎರಡೂ ಅನ್ವಯಿಸಿದರೆ ಯಾವುದು ಉದ್ದವೋ ಅದು. ಪಾಲಿಸಿಗೆ ಮೊದಲೇ ಹರ್ನಿಯಾ ಇದೆ ಎಂದು ಗೊತ್ತಿದ್ದವರು ಎರಡು ವರ್ಷಕ್ಕೆ ಆಪರೇಷನ್ ದಿನ ಗೊತ್ತುಮಾಡಿಕೊಂಡು, ಕ್ಲೇಮ್ ತಿರಸ್ಕಾರವಾದಾಗ ಕಂಗಾಲಾಗುವುದು ಇದೇ ಕಾರಣಕ್ಕೆ.

36 ತಿಂಗಳು ಎಂಬುದು ಮೇಲ್ಮಿತಿ ಮಾತ್ರ. 24 ತಿಂಗಳು, 12 ತಿಂಗಳು ಇಟ್ಟಿರುವ ಪಾಲಿಸಿಗಳೂ ಇವೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಅವಧಿ ಇಳಿಸುವ ರೈಡರ್‌ಗಳಿವೆ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗಾಗಿಯೇ ಮಾಡಿದ, ಅವಕ್ಕೆ ಬೇಗ ರಕ್ಷಣೆ ಕೊಡುವ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ. ನಾನಾದರೆ ಪ್ರೀಮಿಯಂ ಹೋಲಿಸುವ ಮೊದಲು ಈ ತಿಂಗಳುಗಳನ್ನು ಹೋಲಿಸುತ್ತೇನೆ. ವರ್ಷಕ್ಕೆ ಎರಡು ಸಾವಿರ ರೂಪಾಯಿ ಉಳಿಸಿ ಎರಡು ವರ್ಷ ಹೆಚ್ಚು ಕಾಯುವುದು 55 ದಾಟಿದವರಿಗೆ ಲಾಭದ ವ್ಯವಹಾರವಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯ ಕಿರಾಣಿ ಅಂಗಡಿಯವರೊಬ್ಬರು, ವಯಸ್ಸು 48, ಐದು ವರ್ಷದಿಂದ ಸಕ್ಕರೆ ಕಾಯಿಲೆ. 2024ರ ಜೂನ್ 10ರಂದು 5 ಲಕ್ಷದ ಪಾಲಿಸಿ ತೆಗೆದುಕೊಂಡರು, ಶುಗರ್ ಇದೆ ಎಂದು ಬರೆದರು, ಕಂಪನಿ 36 ತಿಂಗಳ ಷರತ್ತಿನ ಮೇಲೆ ಒಪ್ಪಿತು ಎಂದಿಟ್ಟುಕೊಳ್ಳಿ. ಆ ವರ್ಷ ಆಗಸ್ಟ್‌ನಲ್ಲಿ ಡೆಂಗಿ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರೆ ಕ್ಲೇಮ್ ಸಿಗಬೇಕು. ಡೆಂಗಿಗೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. 2025ರಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದರೂ ಸಿಗಬೇಕು. 2026ರಲ್ಲಿ ಕಾಲಿನ ಹುಣ್ಣು ಮಾಗದೆ ಗ್ಯಾಂಗ್ರೀನ್ ಆಗಿ ದಾಖಲಾದರೆ ಸಿಗುವುದಿಲ್ಲ, ಅದು ಸಕ್ಕರೆ ಕಾಯಿಲೆಯ ನೇರ ಪರಿಣಾಮ. 2027ರ ಜೂನ್ 10 ದಾಟಿದ ಮೇಲೆ ಅದಕ್ಕೂ ರಕ್ಷಣೆ ಸಿಗುತ್ತದೆ. ನಡುವೆ 2026ರ ನವೀಕರಣದಲ್ಲಿ ವಿಮಾ ಮೊತ್ತವನ್ನು 10 ಲಕ್ಷಕ್ಕೆ ಏರಿಸಿದ್ದರೆ, ಏರಿಸಿದ 5 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಅಂದರೆ ಸಕ್ಕರೆ ಸಂಬಂಧಿ ಚಿಕಿತ್ಸೆಗೆ ಪೂರ್ತಿ 10 ಲಕ್ಷ ಸಿಗುವುದು 2029ರ ಜೂನ್ ನಂತರ.

ಈ ಲೆಕ್ಕದಲ್ಲಿ "ನೇರ ಪರಿಣಾಮ" ಎಂಬ ಮಾತೇ ಬಹಳ ಜಗಳಕ್ಕೆ ಮೂಲ. ಷರತ್ತಿನಲ್ಲಿರುವುದು ಮೊದಲೇ ಇದ್ದ ಕಾಯಿಲೆ ಮತ್ತು ಅದರ ನೇರ ತೊಡಕುಗಳು ಎಂದಷ್ಟೇ. "ನಿಮಗೆ ಬಿಪಿ ಇದೆಯಲ್ಲ" ಅನ್ನುವ ಒಂದೇ ಕಾರಣಕ್ಕೆ ನ್ಯುಮೋನಿಯಾ ಕ್ಲೇಮನ್ನು ತಳ್ಳಿಹಾಕುವುದಕ್ಕೆ ಅದು ಅವಕಾಶ ಕೊಡುವುದಿಲ್ಲ. ಅಂಥ ಸಂದರ್ಭದಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಈಗಿನ ಕಾಯಿಲೆಯ ಕಾರಣ ಏನು, ಹಳೆಯ ಕಾಯಿಲೆಗೂ ಇದಕ್ಕೂ ಸಂಬಂಧ ಇದೆಯೇ ಇಲ್ಲವೇ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಆ ಒಂದು ಹಾಳೆ ಹತ್ತು ಫೋನ್ ಕರೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪಿಇಡಿ ಷರತ್ತಿನ ಕೊನೆಯ ಸಾಲನ್ನು ಬಹಳ ಜನ ಓದಿರುವುದಿಲ್ಲ. ಕಾಯುವ ಅವಧಿ ಮುಗಿದ ಮೇಲೆ ರಕ್ಷಣೆ ಸಿಗುವುದು, ಅರ್ಜಿ ಹಾಕುವಾಗ ಹೇಳಿಕೊಂಡು ಕಂಪನಿ ಒಪ್ಪಿಕೊಂಡ ಕಾಯಿಲೆಗೆ ಮಾತ್ರ ಎಂದು ಅಲ್ಲಿ ಬರೆದಿದೆ. ಹೇಳದೆ ಇದ್ದ ಕಾಯಿಲೆಗೆ ಮೂರು ವರ್ಷದ ಗಡಿಯಾರ ಓಡುವುದೇ ಇಲ್ಲ.

ಫಾರಂ ತುಂಬುವ ಕೈ ಯಾರದ್ದು?

ತಪ್ಪು ಹೆಚ್ಚಾಗಿ ಆಗುವುದು ಇಲ್ಲಿ. ಏಜೆಂಟರು ಸಾಮಾನ್ಯವಾಗಿ ಪರಿಚಯದವರು, ನೆಂಟರು, ಬೀದಿಯವರು. ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಫಾರಂ ತೆರೆಯುತ್ತಾರೆ. ಹೆಸರು, ಹುಟ್ಟಿದ ದಿನ, ಎತ್ತರ, ತೂಕ ಕೇಳುತ್ತಾರೆ. ಆರೋಗ್ಯದ ಪ್ರಶ್ನೆಗಳ ಪುಟ ಬಂದಾಗ ಬೆರಳು ಸರಸರ ಓಡುತ್ತದೆ, ಎಲ್ಲಕ್ಕೂ "ಇಲ್ಲ". ನೀವೇ ಮಾತು ತೆಗೆದರೆ, "ಅಣ್ಣ, ಬಿಪಿ ಎಲ್ಲ ಬರೆಯೋದು ಬೇಡ, ಸುಮ್ನೆ ಮೆಡಿಕಲ್ ಚೆಕಪ್ಪು ಅಂತ ಎಳೀತಾರೆ, ಪ್ರೀಮಿಯಂ ಜಾಸ್ತಿ ಆಗುತ್ತೆ, ನಾನಿದ್ದೀನಲ್ಲ" ಅನ್ನುವ ಉತ್ತರ. ಆಮೇಲೆ ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತದೆ, ನೀವು ಓದಿ ಹೇಳುತ್ತೀರಿ. ಆ ಒಟಿಪಿಯೇ ನಿಮ್ಮ ಸಹಿ. ಮೇಲೆ ಬರೆದದ್ದೆಲ್ಲ ನಿಜ ಎಂದು ನೀವು ಒಪ್ಪಿಕೊಂಡ ಹಾಗೆ. ಮುಂದೆ ಕ್ಲೇಮ್ ತಿರಸ್ಕಾರವಾದಾಗ ಫಾರಂ ತುಂಬಿದ್ದು ಏಜೆಂಟರು ಎಂದು ಸಾಬೀತು ಮಾಡುವುದು ಬಹಳ ಕಷ್ಟ.

ಆದ್ದರಿಂದ ಒಟಿಪಿ ಹೇಳುವ ಮೊದಲು ಫಾರಂ ನಿಮ್ಮ ಕೈಗೆ ತೆಗೆದುಕೊಂಡು ಆರೋಗ್ಯದ ಪುಟವನ್ನು ಒಂದೊಂದೇ ಸಾಲು ಓದಿ. ಇಂಗ್ಲಿಷ್ ಕಷ್ಟವಾದರೆ ಮನೆಯ ಮಕ್ಕಳಿಂದ ಓದಿಸಿ. ಅದಕ್ಕೂ ಮೊದಲು ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬ ಸದಸ್ಯರ ಎದುರು ಕಾಯಿಲೆ, ಪತ್ತೆಯಾದ ವರ್ಷ, ಈಗ ತೆಗೆದುಕೊಳ್ಳುವ ಮಾತ್ರೆಯ ಹೆಸರು, ಆಗಿರುವ ಆಪರೇಷನ್, ಕೊನೆಯ ರಕ್ತ ಪರೀಕ್ಷೆಯ ಅಂಕಿ ಬರೆದಿಟ್ಟುಕೊಳ್ಳಿ. ಮಾತ್ರೆಯ ಪಟ್ಟಿಯನ್ನು ಸ್ಟ್ರಿಪ್ ನೋಡಿಕೊಂಡೇ ಬರೆಯಿರಿ. ಕೊಲೆಸ್ಟ್ರಾಲ್ ಮಾತ್ರೆಯನ್ನು "ಶುಗರ್ ಮಾತ್ರೆ ಜೊತೆ ಕೊಟ್ಟಿದ್ದು" ಎಂದು ಮರೆಯುವುದು ತೀರಾ ಸಾಮಾನ್ಯ, ಮತ್ತು ಅದೇ ಒಂದು ಮಾತ್ರೆ ಸುಪ್ರೀಂ ಕೋರ್ಟಿನವರೆಗೂ ಹೋದ ಪ್ರಕರಣವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಫಾರಂ ಆದ ಮೇಲೆ ಕಂಪನಿಯ ವೈದ್ಯರಿಂದ ಫೋನ್ ಬರಬಹುದು. ಆ ಕರೆ ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಕೇಳಿ, ಅರ್ಥವಾಗದ ಪ್ರಶ್ನೆಗೆ "ಹ್ಞೂಂ" ಅನ್ನಬೇಡಿ. ಕಂಪನಿ ಮಾಡಿಸುವ ರಕ್ತ ಪರೀಕ್ಷೆಗೆ ಹೋಗುವ ಹಿಂದಿನ ವಾರ ಅನ್ನ ಬಿಟ್ಟು ಶುಗರ್ ಇಳಿಸಿಕೊಳ್ಳುವ ಪ್ರಯತ್ನವೂ ಬೇಡ. ಪರೀಕ್ಷೆಯಲ್ಲಿ ಕಂಡ ಅಂಕಿ ಕಂಪನಿಯ ದಾಖಲೆಯಲ್ಲಿದ್ದರೆ ಅದೇ ಮುಂದೆ ನಿಮ್ಮ ಪರ ಸಾಕ್ಷಿ.

ಕಂಪನಿ ಹಲವು ಬಗೆಯಲ್ಲಿ ಉತ್ತರ ಕೊಡಬಹುದು. ಹಾಗೆಯೇ ಒಪ್ಪಬಹುದು. ಕಾಯುವ ಅವಧಿ ಹಾಕಿ ಒಪ್ಪಬಹುದು. ಲೋಡಿಂಗ್ ಎಂದು ಪ್ರೀಮಿಯಂ ಏರಿಸಬಹುದು. ಸಹಪಾವತಿ ಕೇಳಬಹುದು, ಅಂದರೆ ಪ್ರತಿ ಬಿಲ್ಲಿನಲ್ಲಿ ಶೇ 10 ಅಥವಾ ಶೇ 20 ನೀವು ಕಟ್ಟಬೇಕು. ಒಂದು ಕಾಯಿಲೆಗೆ ಶಾಶ್ವತವಾಗಿ ರಕ್ಷಣೆ ಇಲ್ಲ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಬಹುದು. ಅರ್ಜಿಯನ್ನೇ ತಿರಸ್ಕರಿಸಲೂಬಹುದು. ಲೋಡಿಂಗ್ ಬಗ್ಗೆ ಸಿಟ್ಟು ಮಾಡಿಕೊಳ್ಳುವವರು ಹೆಚ್ಚು. ನನ್ನ ಮಟ್ಟಿಗೆ ಲೋಡಿಂಗ್ ಒಳ್ಳೆಯ ಸುದ್ದಿ. ನಿಮ್ಮ ಕಾಯಿಲೆಯನ್ನು ನೋಡಿ, ತೂಗಿ, ಹಣ ಪಡೆದು ಕಂಪನಿ ಒಪ್ಪಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ. ಶಾಶ್ವತ ಹೊರಗಿಡುವಿಕೆಯ ಪತ್ರಕ್ಕೆ ಮಾತ್ರ ಅವಸರದಲ್ಲಿ ಸಹಿ ಹಾಕಬೇಡಿ. ಬೇರೆ ಎರಡು ಕಂಪನಿಗಳಲ್ಲಿ ಕೇಳಿ ನೋಡಿ. ಒಂದು ಕಡೆ ತಿರಸ್ಕಾರವಾದರೆ ಎಲ್ಲ ಕಡೆಯೂ ಆಗಬೇಕೆಂದಿಲ್ಲ, ಆದರೆ ಮುಂದಿನ ಫಾರಂನಲ್ಲಿ "ಹಿಂದೆ ತಿರಸ್ಕಾರವಾಗಿದೆಯೇ?" ಎಂಬ ಪ್ರಶ್ನೆಗೆ ಹೌದು ಎಂದೇ ಬರೆಯಬೇಕು. ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚುವ ಕಾಲ ಹೋಗಿದೆ. ಕಂಪನಿಗಳು ಎಲ್ಲ ವಯಸ್ಸಿನವರಿಗೂ, ಮೊದಲೇ ಕಾಯಿಲೆ ಇರುವವರಿಗೂ ಪಾಲಿಸಿಗಳನ್ನು ಇಟ್ಟಿರಬೇಕು ಎಂದು 2024ರ ನಿಯಮಗಳು ಹೇಳುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಫ್ರೀ ಲುಕ್ ಅವಧಿ ಇರುತ್ತದೆ. ಅದರ ಜೊತೆ ಬರುವ ಪ್ರಪೋಸಲ್ ಫಾರಂ ನಕಲನ್ನು ಅಂದೇ ತೆರೆದು ನೋಡಿ. ಬಿಪಿ ಬಿಟ್ಟುಹೋಗಿದ್ದರೆ ಅದೇ ದಿನ ಕಂಪನಿಗೆ ಇಮೇಲ್ ಹಾಕಿ ಸರಿಪಡಿಸಿ, ಉತ್ತರ ಬರುವವರೆಗೆ ಬಿಡಬೇಡಿ. ಷರತ್ತು ಒಪ್ಪಿಗೆಯಾಗದಿದ್ದರೆ ಪಾಲಿಸಿ ಹಿಂತಿರುಗಿಸಬಹುದು. ಪಾಲಿಸಿಯ ಮುಖ್ಯಾಂಶಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. ಕೇಳುವವರು ಕಡಿಮೆ, ದಯವಿಟ್ಟು ಕೇಳಿ. ಎರಡು ಮೂರು ವರ್ಷದ ಹಿಂದೆಯೇ ಪಾಲಿಸಿ ತೆಗೆದುಕೊಂಡು, ಈಗ ಈ ಲೇಖನ ಓದುವಾಗ ಎದೆ ಧಸಕ್ ಎಂದವರಿಗೂ ದಾರಿ ಇದೆ. ಬಿಟ್ಟುಹೋದ ಕಾಯಿಲೆಯನ್ನು ಈಗಲೇ ಬರೆದು ತಿಳಿಸಿ. ಕಂಪನಿ ಲೋಡಿಂಗ್ ಹಾಕಬಹುದು, ಕಾಯುವ ಅವಧಿ ಹಾಕಬಹುದು, ಪಾಲಿಸಿ ಮುಂದುವರಿಸದೆಯೂ ಇರಬಹುದು. ಆದರೂ ಐಸಿಯು ಬಾಗಿಲಲ್ಲಿ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಐದು ವರ್ಷದ ಗೋಡೆ

60 ತಿಂಗಳು ನಿರಂತರವಾಗಿ ಪ್ರೀಮಿಯಂ ಕಟ್ಟಿದ ಮೇಲೆ, "ನೀವು ಕಾಯಿಲೆ ಹೇಳಿರಲಿಲ್ಲ" ಎಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಇದಕ್ಕೆ ಮೊರಟೋರಿಯಂ ಅವಧಿ ಎನ್ನುತ್ತಾರೆ. 2024ಕ್ಕೆ ಮೊದಲು ಇದು ಎಂಟು ವರ್ಷ ಇತ್ತು. ವಂಚನೆ ಸಾಬೀತಾದರೆ ಮಾತ್ರ ಈ ರಕ್ಷಣೆ ಇಲ್ಲ. ಏರಿಸಿದ ವಿಮಾ ಮೊತ್ತಕ್ಕೆ ಏರಿಸಿದ ದಿನದಿಂದ ಬೇರೆ ಐದು ವರ್ಷ ಎಣಿಸಬೇಕು.

ಕೆಲವು ಏಜೆಂಟರು ಇದನ್ನೇ ಹಿಡಿದು "ಐದು ವರ್ಷ ಸುಮ್ನಿದ್ರೆ ಆಯ್ತು" ಎಂದು ಹೇಳಿಕೊಡುತ್ತಾರೆ. ಈ ಮಾತು ಅಪಾಯದ್ದು. ಆ ಐದು ವರ್ಷದಲ್ಲಿ ಹೃದಯಾಘಾತ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಬೇಕೆಂದೇ ಮುಚ್ಚಿಟ್ಟದ್ದು ವಂಚನೆಯ ಪಟ್ಟಿಗೆ ಸೇರುವ ಅಪಾಯ ಬೇರೆ ಇದೆ. ಕಾಯಿಲೆ ಹೇಳಿಕೊಂಡವರಿಗೆ ಮೂರು ವರ್ಷ ಮುಗಿದ ಕೂಡಲೇ ಪೂರ್ತಿ ರಕ್ಷಣೆ ಸಿಗುವಾಗ ಈ ಜೂಜು ಯಾಕೆ? ಮೊರಟೋರಿಯಂ ಇರುವುದು ನಿಜವಾಗಿ ಮರೆತವರಿಗೆ, ತಮಗೇ ಗೊತ್ತಿಲ್ಲದವರಿಗೆ.

ಈ ಎಲ್ಲ ಗಡಿಯಾರಗಳೂ ಪಾಲಿಸಿ ಕಡಿಯದೆ ನಡೆದರೆ ಮಾತ್ರ ಓಡುತ್ತವೆ. ವಾರ್ಷಿಕ ಪ್ರೀಮಿಯಂಗೆ 30 ದಿನ, ತಿಂಗಳ ಕಂತಿಗೆ 15 ದಿನ ಗ್ರೇಸ್ ಇದೆ. ಅದನ್ನೂ ದಾಟಿದರೆ ನಾಲ್ಕು ವರ್ಷ ಕಾದದ್ದೂ ನೀರಲ್ಲಿ ಹೋಮ. ಕಂಪನಿ ಹಿಡಿಸದಿದ್ದರೆ ಪಾಲಿಸಿ ನಿಲ್ಲಿಸಬೇಡಿ, ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ. 2011ರ ಅಕ್ಟೋಬರ್‌ನಿಂದ ಈ ಸೌಲಭ್ಯ ಇದೆ. ಹಳೆಯ ಕಂಪನಿಯಲ್ಲಿ ಕಾದ ತಿಂಗಳುಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತವೆ. ನವೀಕರಣದ ದಿನಕ್ಕೆ ಕನಿಷ್ಠ ಒಂದೂವರೆ ತಿಂಗಳ ಮೊದಲೇ ಅರ್ಜಿ ಹಾಕಿ. ಹೊಸ ಕಂಪನಿ ಒಪ್ಪದಿದ್ದರೆ ಹಳೆಯದನ್ನು ನವೀಕರಿಸಲು ಸಮಯ ಉಳಿದಿರಬೇಕು. ಪೋರ್ಟ್ ಫಾರಂನಲ್ಲೂ ಎಲ್ಲ ಕಾಯಿಲೆ ಬರೆಯಬೇಕು, ಹಳೆಯ ಪಾಲಿಸಿಯ ನಂತರ ಬಂದದ್ದನ್ನೂ ಸೇರಿಸಿ. ಹಳೆಯ ಕಂಪನಿಯಲ್ಲೇ ಮುಂದುವರಿದರೆ, ಕ್ಲೇಮ್ ಮಾಡಿದಿರಿ ಎಂಬ ಕಾರಣಕ್ಕೆ ಅದು ನವೀಕರಣ ನಿರಾಕರಿಸುವಂತಿಲ್ಲ.

ಪಾಲಿಸಿ ಆದ ಮೇಲೆ ಹೊಸದಾಗಿ ಬಂದ ಕಾಯಿಲೆ ಪಿಇಡಿ ಅಲ್ಲ. ಆದರೆ ಅದು ಆಮೇಲೆ ಬಂದದ್ದು ಎಂದು ತೋರಿಸುವ ಕಾಗದ ಬೇಕು. ಶುಗರ್ ಮೊದಲ ಬಾರಿಗೆ ಕಂಡ ದಿನದ ಲ್ಯಾಬ್ ರಿಪೋರ್ಟ್, ಡಾಕ್ಟರ ಮೊದಲ ಚೀಟಿ, ಇವನ್ನು ಜಮೀನಿನ ಪಹಣಿಯಷ್ಟೇ ಜೋಪಾನವಾಗಿಡಿ. ಫೋಟೋ ತೆಗೆದು ಮಕ್ಕಳಿಗೂ ಕಳಿಸಿ. ಟಿಪಿಎಯವರು ಮೊದಲು ಕೇಳುವ ಕಾಗದವೇ ಅದು. ಆಸ್ಪತ್ರೆಯಲ್ಲಿ "ಎಷ್ಟು ವರ್ಷದಿಂದ?" ಎಂದು ಕೇಳಿದಾಗ ಅಂದಾಜಿಗೆ ಹತ್ತು ವರ್ಷ ಅನ್ನಬೇಡಿ, ಆ ಫೋಟೋ ನೋಡಿ ಸರಿಯಾದ ವರ್ಷ ಹೇಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ತಪ್ಪು ವರ್ಷ ಬಿದ್ದಿದ್ದರೆ ದಾಖಲೆ ತೋರಿಸಿ ಬಿಡುಗಡೆಗೆ ಮೊದಲೇ ತಿದ್ದಿಸಿ. ಆಮೇಲೆ ಹೋಗಿ ತಿದ್ದಿಸಿದರೆ ಕಂಪನಿಗೆ ಅನುಮಾನ ಬರುತ್ತದೆ.

ಆಫೀಸಿನ ಗ್ರೂಪ್ ಪಾಲಿಸಿ ಇರುವವರಿಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಪಿಇಡಿಗೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ, ಅಪ್ಪ ಅಮ್ಮನನ್ನೂ ಸೇರಿಸಬಹುದು. ಬೆಂಗಳೂರಿನ ಐಟಿ ಉದ್ಯೋಗಿಗಳು ಇದನ್ನು ನಂಬಿಕೊಂಡೇ ನಲವತ್ತು ದಾಟುತ್ತಾರೆ. ಕೆಲಸ ಹೋದ ದಿನ ಅದೂ ಹೋಗುತ್ತದೆ, ಅಷ್ಟರಲ್ಲಿ ಮೈಯಲ್ಲಿ ಎರಡು ಕಾಯಿಲೆ ಸೇರಿರುತ್ತವೆ. ಆಫೀಸಿನ ಪಾಲಿಸಿ ಇರುವಾಗಲೇ, ಆರೋಗ್ಯ ಚೆನ್ನಾಗಿರುವಾಗಲೇ ಸ್ವಂತದ್ದೊಂದು ಸಣ್ಣ ಪಾಲಿಸಿ ಮಾಡಿಸಿ. ಅದರ ಮೂರು ವರ್ಷ ಹಿನ್ನೆಲೆಯಲ್ಲಿ ಸವೆಯುತ್ತಿರಲಿ. ಕೆಲಸ ಬಿಡುವ ಮೊದಲು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಬಹುದೇ ಎಂದು ಎಚ್‌ಆರ್‌ನವರನ್ನು ಬರಹದಲ್ಲಿ ಕೇಳಿ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಈ ಪಿಇಡಿ ತಲೆನೋವೇ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆಗೆ ಕಾಯುವ ಅವಧಿ ಎಂಬುದಿಲ್ಲ. ಖಾಸಗಿ ಪಾಲಿಸಿಗೆ ಸಾಲ ಮಾಡುವ ಮೊದಲು ಆ ಯೋಜನೆಯ ಕಾರ್ಡ್ ಮಾಡಿಸಿ.

ಕೋರ್ಟು ಏನು ಹೇಳಿದೆ

2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ, ದೀರ್ಘಕಾಲದ ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ವೈಫಲ್ಯ ಇದ್ದವರು ಮೆಡಿಕ್ಲೇಮ್ ಪಾಲಿಸಿ ಪಡೆಯುವಾಗ ಅದನ್ನು ಹೇಳಿರಲಿಲ್ಲ. ಪಾಲಿಸಿ ಪಡೆದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಪತ್ನಿ ಸಲ್ಲಿಸಿದ ಕ್ಲೇಮನ್ನು ಕಂಪನಿ ತಿರಸ್ಕರಿಸಿದ್ದು ಸರಿ ಎಂದು ಕೋರ್ಟ್ ಹೇಳಿತು. ವಿಮೆ ನಂಬಿಕೆಯ ಮೇಲಿನ ಒಪ್ಪಂದ, ಕಂಪನಿಯ ನಿರ್ಧಾರವನ್ನು ಬದಲಿಸಬಹುದಾದ ಸಂಗತಿಯನ್ನು ಹೇಳಲೇಬೇಕು ಎಂಬುದು ಅದರ ಸಾರ.

ಇನ್ನೊಂದು ಮಗ್ಗುಲಿನ ತೀರ್ಪು 2021ರ ಡಿಸೆಂಬರಿನದ್ದು. ಅಮೆರಿಕಕ್ಕೆ ಮದುವೆಗೆ ಹೊರಟವರೊಬ್ಬರು ಯುನೈಟೆಡ್ ಇಂಡಿಯಾದಲ್ಲಿ ಪ್ರವಾಸಿ ಮೆಡಿಕ್ಲೇಮ್ ಮಾಡಿಸಿದ್ದರು. ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದ್ದರು, ವೈದ್ಯಕೀಯ ಪರೀಕ್ಷೆಯೂ ಆಗಿತ್ತು. ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಹೃದಯಾಘಾತವಾಗಿ ಮೂರು ಸ್ಟೆಂಟ್ ಹಾಕಬೇಕಾಯಿತು. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವುದನ್ನು ಹೇಳಿರಲಿಲ್ಲ, ಇದು ಮೊದಲೇ ಇದ್ದ ಕಾಯಿಲೆ ಎಂದು ಕಂಪನಿ ಹಣ ಕೊಡಲಿಲ್ಲ. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಇದನ್ನು ಒಪ್ಪಲಿಲ್ಲ. ಅರ್ಜಿದಾರರ ಆರೋಗ್ಯವನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅವರು ಹೇಳಿಕೊಂಡಿದ್ದ ಸ್ಥಿತಿಯನ್ನೇ ಮುಂದಿಟ್ಟುಕೊಂಡು ಕ್ಲೇಮ್ ನಿರಾಕರಿಸುವಂತಿಲ್ಲ ಎಂದಿತು. ಸಕ್ಕರೆ ಕಾಯಿಲೆಯನ್ನು ಹೇಳಿಕೊಂಡಿದ್ದೇ ಅವರನ್ನು ಕಾಪಾಡಿತು ಎಂದು ನಾನು ಓದಿಕೊಳ್ಳುತ್ತೇನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ನಮ್ಮ ಅಪ್ಪ ಅಮ್ಮಂದಿರಿಗೆ ಪ್ರವಾಸಿ ವಿಮೆ ಮಾಡಿಸುವವರು ಇದನ್ನು ನೆನಪಿಡಬೇಕು. ಬಹಳಷ್ಟು ಪ್ರವಾಸಿ ಪಾಲಿಸಿಗಳು ಹಳೆಯ ಕಾಯಿಲೆಗೆ ರಕ್ಷಣೆ ಕೊಡುವುದಿಲ್ಲ, ಕೊಟ್ಟರೂ ಜೀವಕ್ಕೆ ಅಪಾಯ ಬಂದ ತುರ್ತಿಗೆ ಮಾತ್ರ. ಟಿಕೆಟ್ ಬುಕ್ ಮಾಡುವಾಗ ಜೊತೆಗೆ ಬರುವ ಅಗ್ಗದ ವಿಮೆಗೆ ಕಣ್ಣುಮುಚ್ಚಿ ಟಿಕ್ ಹಾಕಬೇಡಿ.

2015ರ ಎಲ್‌ಐಸಿ ಪ್ರಕರಣವೂ ಉಪಯುಕ್ತ. ಅದು ಜೀವ ವಿಮೆಯದ್ದು. ಸತ್ತವರು ಬೆನ್ನುಮೂಳೆಯ ತೊಂದರೆಯನ್ನು ಹೇಳಿರಲಿಲ್ಲ, ಸಾವು ಬಂದದ್ದು ಹೃದಯದ ಕಾಯಿಲೆಯಿಂದ. ಹೇಳದೆ ಇದ್ದ ತೊಂದರೆ ಜೀವಕ್ಕೆ ಅಪಾಯದ್ದಲ್ಲ, ಸಾವಿಗೂ ಕಾರಣವಲ್ಲ ಎಂದು ಸುಪ್ರೀಂ ಕೋರ್ಟ್ ಹಣ ಕೊಡಿಸಿತು.

ತಿರಸ್ಕಾರ ಪತ್ರ ಬಂದರೆ

ಮೊದಲು ತಿಳಿಯಬೇಕಾದದ್ದು, ಕ್ಯಾಶ್‌ಲೆಸ್ ನಿರಾಕರಣೆ ಅಂದರೆ ಕ್ಲೇಮ್ ತಿರಸ್ಕಾರ ಅಲ್ಲ. "ದಾಖಲೆ ಸಾಲದು, ಪಿಇಡಿ ಪರಿಶೀಲಿಸಬೇಕು" ಎಂದು ಕ್ಯಾಶ್‌ಲೆಸ್ ನಿಲ್ಲಿಸಿದರೆ ಬಿಲ್ ಕಟ್ಟಿ, ಎಲ್ಲ ಕಾಗದದೊಂದಿಗೆ ಮರುಪಾವತಿಗೆ ಅರ್ಜಿ ಹಾಕಬಹುದು. ಕ್ಯಾಶ್‌ಲೆಸ್ ಅನುಮತಿಗೆ ಒಂದು ಗಂಟೆ, ಬಿಡುಗಡೆಯ ವೇಳೆಯ ಅಂತಿಮ ಅನುಮತಿಗೆ ಮೂರು ಗಂಟೆ ಎಂದು 2024ರ ಮೇ ತಿಂಗಳ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆ ಗಡುವು ಹಾಕಿದೆ.

ಕ್ಲೇಮ್ ಪೂರ್ತಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ, ಪಾಲಿಸಿಯ ಯಾವ ಷರತ್ತಿನ ಅಡಿಯಲ್ಲಿ ಎಂಬ ಉಲ್ಲೇಖದೊಂದಿಗೆ ಕೇಳಿ. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ನಿಮ್ಮ ಪ್ರಕರಣ ಸಮಿತಿಯ ಮುಂದೆ ಹೋಗಿತ್ತೇ ಎಂದೂ ಕೇಳಿ. ನಂತರ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಪತ್ರದಲ್ಲಿ ಬೈಗುಳ, ಕಣ್ಣೀರು ಬೇಡ. ಪಾಲಿಸಿ ಶುರುವಾದ ದಿನ, ಕಾಯಿಲೆ ಪತ್ತೆಯಾದ ದಿನ, ಫಾರಂನಲ್ಲಿ ಹೇಳಿಕೊಂಡ ಸಾಲು, ವೈದ್ಯರ ಪತ್ರ, ಇಷ್ಟು ದಿನಾಂಕವಾರು ಇರಲಿ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ಹೇಳಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಿ. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನ್‌ನಲ್ಲೂ ಕೊಡಬಹುದು. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಅದೇ ವಿಷಯ ಬೇರೆ ನ್ಯಾಯಾಲಯದಲ್ಲಿ ಇರಬಾರದು. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ನಿಮಗೆ ಸಮಾಧಾನವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿ ಇನ್ನೂ ತೆರೆದಿರುತ್ತದೆ. ಅದಕ್ಕೆ ಎರಡು ವರ್ಷದ ಗಡುವಿದೆ. ಓಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದಲ್ಲಿ ಜಾರಿ ಮಾಡದಿದ್ದರೆ ತಡವಾದ ಪ್ರತಿ ದಿನಕ್ಕೆ ದೂರುದಾರರಿಗೆ 5,000 ರೂಪಾಯಿ ಕೊಡಬೇಕು. ಆದೇಶದ ಪ್ರತಿ ಕೈಗೆ ಬಂದ ದಿನವನ್ನು ಅದರ ಮೂಲೆಯಲ್ಲೇ ಬರೆದಿಟ್ಟುಕೊಳ್ಳಿ, ಎಣಿಕೆಗೆ ಬೇಕಾಗುತ್ತದೆ.